ತಿಮಿಂಗಿಲಗಿಲ

ಮಾರ್ಚ್ ೩, ಸೋಮವಾರ

ತಿಮಿಂಗಿಲದ ಕಥೆಯನ್ನು ನನಗೆ ಮೊದಲು ಹೇಳಿದವಳು ಅಜ್ಜಿ. ನನ್ನ ಮುಂದಿನ ಎರಡು ಹಲ್ಲು ಒಂದೇ ವಾರದಲ್ಲಿ ಬಿದ್ದ ವರ್ಷ, ಬಾವಿಕಟ್ಟೆಯ ಮೇಲೆ ಕೂತು ಹೇಳಿದ್ದಳು. ಕೇಳಿದವರು ನಾನು ಮತ್ತು ನನ್ನ ತಮ್ಮ.

ಸಮುದ್ರದಲ್ಲಿ ಉಗುರಿನಷ್ಟು ಪುಟ್ಟ ಮೀನೊಂದು ಇತ್ತಂತೆ. ಅದನ್ನು ತಿಮಿ ಎಂಬ ದೊಡ್ಡ ಮೀನು ನುಂಗಿತು. ತಿಮಿ ಇನ್ನೂ ತೇಗುತ್ತಿರುವಾಗಲೇ ತಿಮಿಂಗಿಲ ಬಂದು ಅದನ್ನು ನುಂಗಿತು. ಹೆಸರಿನಲ್ಲೇ ಇದೆ, ಗಿಲ ಎಂದರೆ ನುಂಗುವುದು. ತಿಮಿಯನ್ನು ನುಂಗಿದ್ದಕ್ಕೇ ಅದು ತಿಮಿಂಗಿಲ. ಇನ್ನು ನನಗೆ ಸಮಾನರು ಯಾರು ಎಂದು ತಿಮಿಂಗಿಲ ಮೀಸೆ ತಿರುವುವಷ್ಟರಲ್ಲಿ ಹಿಂದಿನಿಂದ ಇನ್ನೂ ದೊಡ್ಡದೊಂದು ಬಾಯಿ ತೆರೆದುಕೊಂಡು ಬಂತು. ಅದು ತಿಮಿಂಗಿಲಗಿಲ, ತಿಮಿಂಗಿಲವನ್ನೇ ನುಂಗುವುದು. ಕಥೆಗೆ ಇನ್ನೂ ಒಂದು ಕೊನೆಯಿತ್ತು. ಇವತ್ತು ನನಗೆ ಅದು ಬೇಡ. ನುಂಗಿದವನನ್ನು ನುಂಗುವವನೂ ಇರುತ್ತಾನೆ, ಇಷ್ಟು ಸಾಕು.

ಈ ಪುಸ್ತಕ ತಂದಿದ್ದು ಜಾಡಿಗಳ ಲೆಕ್ಕ ಬರೆಯಲು. ಇನ್ನು ಮುಂದೆ ಇದು ಬೇರೆ ಕೆಲಸಕ್ಕೆ.

ಕಾಲೇಜಿನ ಪ್ರಾಣಿ ಸಂಗ್ರಹಾಲಯದಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ಜಾಡಿ ನೋಡಿಕೊಳ್ಳುತ್ತಿದ್ದೇನೆ. ಹಾವು, ಕಪ್ಪೆ, ಬಾವಲಿ, ಎರಡು ತಲೆಯ ಕರು. ಔಷಧಿ ಇಳಿದರೆ ತುಂಬಬೇಕು, ಮುಚ್ಚಳಕ್ಕೆ ಮೇಣ ಹಚ್ಚಬೇಕು, ಚೀಟಿ ಮಾಸಿದರೆ ಹೊಸದು ಬರೆದು ಅಂಟಿಸಬೇಕು. ವಿದ್ಯಾರ್ಥಿಗಳು ನನ್ನನ್ನು ಜಾಡಿಯಮ್ಮ ಎನ್ನುತ್ತಾರೆ. ಕೆಟ್ಟುಹೋದ ಚೀಟಿಗಳ ಹಿಂಬದಿಯಲ್ಲಿ ನಾನು ಪದಗಳನ್ನು ಬರೆದಿಡುತ್ತಿದ್ದೆ. ಪ್ರಾಣಿಗಳ ಹಳೆಯ ಹೆಸರು, ಅಂಗಾಂಗಗಳ ಹಳೆಯ ಹೆಸರು, ಅವು ಎಲ್ಲಿಂದ ಬಂದವು ಎಂಬುದು. ಅರ್ಧ ಅಜ್ಜಿಯ ಬಾಯಿಂದ, ಅರ್ಧ ಗ್ರಂಥಾಲಯದ ಹಳೆಯ ನಿಘಂಟುಗಳಿಂದ. ಒಂದು ಬಿಸ್ಕತ್ತಿನ ಡಬ್ಬಿ ತುಂಬ ಚೀಟಿ. ಸಾವಿರದ ನೂರಾ ನಲವತ್ತು ಪದ.

ಹೋದ ವರ್ಷ ಕೊಕ್ಕರೆ ಮೇಷ್ಟ್ರು ಡಬ್ಬಿ ಕೇಳಿದರು. ಪಾಠ ಮಾಡುವಾಗ ಒಂದು ಕಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಒಂಟಿಕಾಲಲ್ಲಿ ನಿಲ್ಲುತ್ತಾರೆ, ಕುತ್ತಿಗೆಯೂ ಉದ್ದ, ಅದಕ್ಕೆ ಆ ಹೆಸರು. "ಎರಡು ದಿನ ನೋಡಿ ಕೊಡ್ತೀನಿ" ಎಂದರು. ಮೂರು ತಿಂಗಳ ಮೇಲೆ ಡಬ್ಬಿ ಬಂತು. ಚೀಟಿ ಇರಲಿಲ್ಲ. ಒಳಗೆ ಬಿಸ್ಕತ್ತು ಇತ್ತು! ಚೀಟಿ ಬೆರಳಚ್ಚಿಗೆ ಹೋಗಿವೆ, ಬರುತ್ತವೆ, ಎಂದರು.

ಇವತ್ತು ಕಾಲೇಜಿನ ಸೂಚನಾ ಫಲಕದಲ್ಲಿ ಕಾಗದ ಅಂಟಿಸಿದ್ದಾರೆ. 'ಹಳೆಯ ಪ್ರಾಣಿಪದ, ಅಂಗಪದಗಳ ಕೋಶ', ಬಿಡುಗಡೆ ಏಪ್ರಿಲ್ ೫. ಕರ್ತೃವಿನ ಜಾಗದಲ್ಲಿ ಮೇಷ್ಟ್ರ ಹೆಸರು. ಮೂರು ಸಲ ಓದಿದೆ. ಮೂರನೆಯ ಸಲವೂ ಅದೇ ಹೆಸರು.

ಈ ಪುಸ್ತಕದಲ್ಲಿ ಇನ್ನು ಅವನಿಗೆ ಬಹುವಚನವಿಲ್ಲ.

ಮಾರ್ಚ್ ೪, ಮಂಗಳವಾರ

ಮೂಷಕ. ಮುಷ್ ಎಂದರೆ ಕದಿಯುವುದು. ಇಲಿಗೆ ಆ ಹೆಸರು ಬಂದದ್ದು ಅದು ಕಳ್ಳನಾದ್ದರಿಂದ. ನನ್ನ ಚೀಟಿಯಲ್ಲಿ ಹೀಗೇ ಬರೆದಿದ್ದೆ. ಅವನು ಅದನ್ನೂ ನಕಲು ಮಾಡಿರುತ್ತಾನೆ, ನಾಚಿಕೆಯಿಲ್ಲದೆ. ಬಾಲವೊಂದು ಕಡಿಮೆ, ಅಷ್ಟೇ.

ಇಡೀ ದಿನ ಹಲ್ಲಿಯ ಜಾಡಿಗೆ ಮೇಣ ಹಚ್ಚಿದೆ. ಆದರೂ ಎರಡು ಕಡೆ ಸೋರಿತು.

ಮಾರ್ಚ್ ೭, ಶುಕ್ರವಾರ

ಕೇಳಿಯೇ ಬಿಡೋಣವೆಂದು ಅವನ ಕೋಣೆಗೆ ಹೋದೆ.

"ಏನಮ್ಮಾ, ಬಾವಲಿ ಜಾಡಿ ಸೋರ್ತಿದೆಯಾ?"

"ಜಾಡಿ ಸೋರ್ತಿಲ್ಲ ಮೇಷ್ಟ್ರೇ. ಡಬ್ಬಿ ಸೋರಿದೆ. ಒಂದೂ ಚೀಟಿ ಉಳಿದಿಲ್ಲ."

ಅವನು ಕನ್ನಡಕ ತೆಗೆದು ಒರೆಸಿದ. "ಓ, ಅದಾ. ನೋಡಿ ಅಮ್ಮಾ, ನಿಮ್ಮ ಡಬ್ಬೀಲಿ ಆನೆ ಪಕ್ಕ ಅಂಗುಳು ಇತ್ತು, ಅಂಗುಳಿನ ಪಕ್ಕ ಹಲ್ಲಿ. ಒಂದು ವರ್ಷ ಕೂತು ಅಕಾರಾದಿ ಮಾಡಿದ್ದೀನಿ. ನಾನು ಮುಟ್ಟದೆ ಇದ್ದಿದ್ರೆ ಇಷ್ಟೊತ್ತಿಗೆ ಹುಳ ತಿಂದಿರ್ತಿತ್ತು."

"ಪದ ನನ್ನವು."

"ಪದ ಯಾರಪ್ಪನ ಆಸ್ತೀನೂ ಅಲ್ಲ." ಆಮೇಲೆ ನಕ್ಕು, ಮೃದುವಾಗಿ, ಹಲ್ಲು ಕೀಳುವವನು ಮಾತಾಡುವಷ್ಟು ಮೃದುವಾಗಿ ಹೇಳಿದ: "ಮನೆ ಕಟ್ಟೋವಾಗ ಕಲ್ಲು ಹೊತ್ತೋರು ಎಷ್ಟೋ ಜನ ಇರ್ತಾರೆ. ಅವರ ಹೆಸರೆಲ್ಲ ಬಾಗಿಲ ಮೇಲೆ ಬರೆಯೋಕಾಗುತ್ತಾ? ಕಟ್ಟಿಸಿದೋನ ಹೆಸರು ಬರೀತಾರೆ. ಮುನ್ನುಡೀಲಿ ಸಂಗ್ರಹಾಲಯದ ಸಿಬ್ಬಂದಿಗೆ ಕೃತಜ್ಞತೆ ಹೇಳಿದ್ದೀನಿ. ನೀವೂ ಸಿಬ್ಬಂದಿನೇ ತಾನೇ?"

ಸಂಗ್ರಹಾಲಯಕ್ಕೆ ಹಿಂತಿರುಗಿ ತಿಮಿಂಗಿಲದ ಮೇಲೆ ಕೂತೆ. ಮೂಲೆಯಲ್ಲಿ ತಿಮಿಂಗಿಲದ ಬೆನ್ನೆಲುಬಿನ ಒಂದು ಮಣಿ ಇದೆ, ಒಳ್ಳೆ ಒರಳಿನಂತೆ. ಯಾರೂ ಇಲ್ಲದಾಗ ಅದೇ ನನ್ನ ಸ್ಟೂಲು. ಕಲ್ಲು ಹೊತ್ತವಳು! ಇರಲಿ. ಹೊತ್ತವಳಿಗೆ ಎಸೆಯುವುದಕ್ಕೂ ಬರುತ್ತದೆ.

ಮಾರ್ಚ್ ೧೨, ಬುಧವಾರ

ಕುರುಡನಿಗೆ ಕಣ್ಣು ಬಂದ ಹಾಗಾಯಿತು, ಅದೂ ಅವನ ಕೈಯಿಂದಲೇ.

ಪ್ರೆಸ್ಸಿನಾಕೆ ಬಂದಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಚ್ಚುಕೂಟವನ್ನು ಒಬ್ಬಳೇ ನಡೆಸುತ್ತಾಳೆ, ಬೆರಳೆಲ್ಲ ಮಸಿ. ಕಂಕುಳಲ್ಲಿ ಕರಡಚ್ಚಿನ ದೊಡ್ಡ ಕಟ್ಟು.

"ಅಕ್ಕಾ, ಮೇಷ್ಟ್ರಿಗೆ ಕಣ್ಣು ನೋವಂತೆ. ಕಾಗುಣಿತ ಎಲ್ಲ ಜಾಡಿಯಮ್ಮನಿಗೆ ಚೆನ್ನಾಗಿ ಗೊತ್ತು, ಅವರ ಕೈಲೇ ತಿದ್ದಿಸು ಅಂದ್ರು."

ಕಟ್ಟು ಮೇಜಿನ ಮೇಲಿಟ್ಟು, ಎರಡು ತಲೆಯ ಕರುವನ್ನು ನೋಡುತ್ತ ಕೇಳಿದಳು: "ಇದಕ್ಕೆ ಹೊಟ್ಟೆ ಎಷ್ಟು ಅಕ್ಕಾ?"

"ಒಂದೇ."

"ಪಾಪ, ಎರಡು ಬಾಯಿ ಇಟ್ಕೊಂಡು ಒಂದೇ ಹೊಟ್ಟೆ. ಕೆಲವರಿಗೆ ಉಲ್ಟಾ."

ಮನೆಯಲ್ಲಿ ತಮ್ಮನಿಗೆ ಹೇಳಿದೆ. ಮುಂದಿನ ಕೋಣೆಯೇ ಅವನ ದರ್ಜಿ ಅಂಗಡಿ. ಹೊಲಿಗೆ ಯಂತ್ರ ನಿಲ್ಲಿಸದೆ ಕೇಳಿದ.

"ನಾನು ಹೊಲಿದ ಅಂಗಿ ಹಾಕ್ಕೊಂಡೋರೆಲ್ಲ ನನ್ನಂಗಿ ನನ್ನಂಗಿ ಅಂತಾನೇ ಓಡಾಡ್ತಾರಲ್ಲ ಅಕ್ಕಾ."

"ನಾನೇ ಹೊಲಿದೆ ಅಂತಾರೇನೋ?"

"ಅದಿಲ್ಲ." ಯಂತ್ರ ನಿಲ್ಲಿಸಿದ. "ಹಂಗಂದ್ರೆ ತೋಳಿರೋ ಕಡೆ ಕಾಲು ಹೊಲಿದು ಕೊಡ್ತಿದ್ದೆ."

ದೇವರೇ, ನನ್ನ ತಮ್ಮನ ಬಾಯಿಗೆ ಸಕ್ಕರೆ ಹಾಕು.

ಅವನು ಡಬ್ಬಿಯತ್ತ ಕೈ ಚಾಚಿದ. "ಸಿಟ್ಟು ನಿಂಗೆ, ಬಿಸ್ಕತ್ತು ನಂಗೆ. ಏನಂತೀಯಾ?" ಕೈಗೆ ಒಂದು ಏಟು ಕೊಟ್ಟೆ. ಆ ಬಿಸ್ಕತ್ತನ್ನು ಈ ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ. ಅದು ಸಾಕ್ಷಿ.

ಮಾರ್ಚ್ ೧೩, ಗುರುವಾರ

ಪದ ಸಿಕ್ಕಿತು. ಕರಿಯ ಮೋಡದಲ್ಲಿ ಮಿಂಚು ಹೊಳೆದ ಹಾಗೆ, ಕಪ್ಪೆಯ ಜಾಡಿ ತೊಳೆಯುವಾಗ.

'ಪತ್ರಮೂಷಕ: ನೀಳ ಕುತ್ತಿಗೆಯ ಒಂದು ಜೌಗುಹಕ್ಕಿ. ತಾನು ಗೂಡು ಕಟ್ಟದೆ ಪಕ್ಕದ ಗೂಡಿನ ಎಲೆಗಳನ್ನು ಕದ್ದು, ಅಂದವಾಗಿ ಜೋಡಿಸಿ, ತನ್ನದೆಂದು ಕೂಗುತ್ತದೆ. ಒಂಟಿಕಾಲಿನಲ್ಲಿ ನಿಲ್ಲುತ್ತದೆ. (ಪತ್ರ = ಎಲೆ, ಕಾಗದ; ಮೂಷಕ = ಕದಿಯುವುದು.)'

ಇಂಥ ಹಕ್ಕಿ ಭೂಮಿಯ ಮೇಲಿಲ್ಲ. ಇಂಥ ಪದ ಯಾವ ನಿಘಂಟಿನಲ್ಲೂ ಇಲ್ಲ. ಬಿಡುಗಡೆಗೆ ಹಿರಿಯ ವಿದ್ವಾಂಸರೊಬ್ಬರು ಬರುತ್ತಾರಂತೆ, ಕಂಚಿನ ಗಂಟಲು, ಪದವೊಂದು ತಪ್ಪಿದರೆ ಸಭೆಯಲ್ಲೇ ಕಿವಿ ಹಿಂಡುವವರು. ಅವರು ಪುಸ್ತಕ ತಿರುವುತ್ತಾರೆ. ಈ ಹಕ್ಕಿ ಸಿಗುತ್ತದೆ. "ಇದೇನಯ್ಯಾ?" ಎನ್ನುತ್ತಾರೆ. ಕಾಲೇಜಿನ ಮಕ್ಕಳು ಒಂಟಿಕಾಲಿನ ಮೇಷ್ಟ್ರನ್ನು ನೋಡುತ್ತಾರೆ, ಹಕ್ಕಿಯನ್ನು ನೋಡುತ್ತಾರೆ. ಮೊದಲು ಒಬ್ಬ ನಗುತ್ತಾನೆ. ಆಮೇಲೆ ಚಾವಣಿ ಹಾರುವ ಹಾಗೆ ಎಲ್ಲರೂ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ನಾನು ತಿಮಿಂಗಿಲಗಿಲ.

ಒಂದೇ ತೊಡಕು. ಪುಟಗಳನ್ನು ಆಗಲೇ ಕಟ್ಟಿಯಾಗಿದೆ. ನಾಲ್ಕು ಸಾಲು ಸೇರಿಸಬೇಕಾದರೆ ಅದೇ ಪುಟದಿಂದ ನಾಲ್ಕು ಸಾಲು ತೆಗೆಯಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಜಾರುತ್ತದೆ, ಅವನ ಕಣ್ಣಿಗೆ ಬೀಳುತ್ತದೆ. ಆ ಪುಟದಲ್ಲಿ ಇರುವವು ಪಕ್ಕೆ, ಪತಂಗ, ಪನ್ನಗ, ಪರಪುಷ್ಟ, ಪಾಪೆ. ನಾಲ್ಕು ಸಾಲಿನದು ಒಂದೇ, ಪಾಪೆ.

ತೆಗೆದೆ.

ಮಾರ್ಚ್ ೧೯, ಬುಧವಾರ

ಐದು ದಿನದಿಂದ ಕರಡು ತಿದ್ದುತ್ತಿದ್ದೇನೆ. ಅಯ್ಯೋ, ಕದಿಯುವುದಕ್ಕೂ ಯೋಗ್ಯತೆ ಬೇಡವೆ! ನನ್ನ ಅಕ್ಷರವನ್ನು ಸರಿಯಾಗಿ ಓದಲೂ ಬಂದಿಲ್ಲ. ಮೀನಖಂಡವನ್ನು ಮೀನಿನ ತುಂಡು ಮಾಡಿ ಅಡುಗೆಮನೆಗೆ ಕಳಿಸಿದ್ದಾನೆ. ಕಾಲಿನ ಹಿಂಬದಿಯ ಮಾಂಸ ಅದು, ಮೀನಿನ ಹೊಟ್ಟೆಯಂತೆ ಉಬ್ಬಿರುವುದಕ್ಕೆ ಆ ಹೆಸರು. ಭುಜಂಗಕ್ಕೆ 'ತೋಳುಗಳಿಂದ ನಡೆಯುವುದು' ಎಂದಿದ್ದಾನೆ. ಹಾವಿಗೆ ತೋಳೆಲ್ಲಿಂದ ಬಂತು! ಅಲ್ಲಿ ಭುಜ ಎಂದರೆ ಬಾಗು, ಬಾಗಿ ಬಾಗಿ ಹೋಗುವುದರಿಂದ ಭುಜಂಗ. ದ್ವಿಪಕ್ಕೆ 'ಎರಡು ಸಲ ಕುಡಿಯುವುದು' ಎಂದಷ್ಟೇ ಬರೆದು ಬಿಟ್ಟಿದ್ದಾನೆ. ಬೆಳಿಗ್ಗೆಗೊಂದು ಸಂಜೆಗೊಂದು ಎಂದುಕೊಂಡನೋ ಏನೋ. ಆನೆ ಸೊಂಡಿಲಿನಿಂದ ಎಳೆದು, ಆಮೇಲೆ ಬಾಯಿಗೆ ಬಿಟ್ಟುಕೊಳ್ಳುತ್ತದೆ, ಅದಕ್ಕೆ ಎರಡು ಸಲ.

ಎಲ್ಲ ತಿದ್ದಿದೆ. ಮಾರ್ಜಾಲಕ್ಕೆ ಅವನು ಬಿಟ್ಟ ಅರ್ಧ ಸಾಲನ್ನು ಸೇರಿಸಿದೆ: ಸದಾ ಮೈ ಒರೆಸಿಕೊಂಡು ಶುಚಿ ಮಾಡಿಕೊಳ್ಳುವುದು. ದ್ವಿಜಕ್ಕೆ ಹಕ್ಕಿಯನ್ನು ಹಾಕಿ ಹಲ್ಲನ್ನು ಮರೆತಿದ್ದ. ಹಲ್ಲೂ ಎರಡು ಸಲ ಹುಟ್ಟುತ್ತದಲ್ಲ. ನನ್ನ ಮುಂದಿನ ಹಲ್ಲು ಬಿದ್ದಾಗ ಅಜ್ಜಿ ಹೇಳಿದ್ದು.

ತಮ್ಮ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಹಿಂದೆ ನಿಂತು ನೋಡಿದ. "ಅಕ್ಕಾ, ನೀನು ಅವನ ಮಾನ ಕಳೀಬೇಕು ಅಂತಿದ್ಯಾ, ಕಾಯ್ತಾ ಇದ್ಯಾ? ತೋಳಿರೋ ಹಾವು ಹಂಗೇ ಬಿಟ್ಟಿದ್ರೆ ಸಾಕಿತ್ತಲ್ಲ."

ಅವನು ಹೇಳಿದ್ದು ಸರಿ. ಹೊಳೆಯಲೇ ಇಲ್ಲ. ಮತ್ತೆ ಅಳಿಸಿ ತಪ್ಪನ್ನೇ ಬರೆಯೋಣವೆಂದು ಪೆನ್ನು ಹಿಡಿದೆ. ಹಾವಿಗೆ ತೋಳು ಬರೆಯಲು ಕೈ ಬರಲಿಲ್ಲ. ಹೋಗಲಿ, ಹಕ್ಕಿಯೊಂದೇ ಸಾಕು ಅವನಿಗೆ.

ಮಾರ್ಚ್ ೨೬, ಬುಧವಾರ

ಪ್ರೆಸ್ಸಿನಾಕೆ ತಿದ್ದಿದ ಕರಡು ಒಯ್ಯಲು ಬಂದಳು. ಹಾಳೆ ತಿರುವುತ್ತ ಒಂದು ಕಡೆ ನಿಂತಳು. ತುಟಿ ಅಲ್ಲಾಡಿತು. ಮತ್ತೆ ಮೊದಲಿಂದ ಓದಿದಳು.

"ಈ ಹಕ್ಕಿ ಎಲ್ಲಿರುತ್ತೆ ಅಕ್ಕಾ?"

"ಜೌಗಿನಲ್ಲಿ."

"ನಾನು ನೋಡಿದ್ದೀನಿ ಅನ್ಸುತ್ತೆ." ಮಸಿಯ ಬೆರಳನ್ನು ಮೂಗಿನ ಮೇಲಿಟ್ಟುಕೊಂಡಳು, ಮೂಗು ಕಪ್ಪಾಯಿತು. "ಕನ್ನಡಕ ಹಾಕುತ್ತಾ?"

ನಾನು ಬಾವಲಿಯ ಜಾಡಿ ಒರೆಸಿದೆ.

"ನಾನು ಅಚ್ಚು ಹಾಕೋಳು ಅಕ್ಕಾ, ಅರ್ಥ ಕಟ್ಕೊಂಡು ನಂಗೇನಾಗ್ಬೇಕು" ಎಂದು ಕಟ್ಟು ಎತ್ತಿಕೊಂಡಳು. ಬಾಗಿಲಲ್ಲಿ ತಿರುಗಿ, "ಪಾಪೆ ಯಾಕೆ ಹೊಡೆದು ಹಾಕಿದ್ರಿ? ಅದು ಚೆನ್ನಾಗಿತ್ತು. ಅಚ್ಚು ಜೋಡಿಸೋವಾಗ ನಮ್ಮಮ್ಮನಿಗೆ ಓದಿ ಹೇಳಿದ್ದೆ" ಎಂದಳು.

"ಜಾಗ ಇರಲಿಲ್ಲ" ಎಂದೆ.

ನೆನಪಿನಲ್ಲಿ ಇರಲಿ ಎಂದು ಇಲ್ಲಿ ಬರೆದಿಡುತ್ತೇನೆ. 'ಪಾಪೆ: ಕಣ್ಣಿನ ನಡುವಿನ ಕಪ್ಪು ಬೊಟ್ಟು. ಪಾಪೆ ಎಂದರೆ ಗೊಂಬೆ. ಇನ್ನೊಬ್ಬರ ಕಣ್ಣಿನಲ್ಲಿ ನಮ್ಮ ರೂಪ ಪುಟ್ಟ ಗೊಂಬೆಯಂತೆ ಕಾಣುವುದರಿಂದ ಈ ಹೆಸರು. ತೀರ ಹತ್ತಿರ ಹೋದರೆ ಮಾತ್ರ ಕಾಣುತ್ತದೆ.' ನನ್ನ ಕಣ್ಣಿಗೆ ಹೊಟ್ಟು ಬಿದ್ದಿದ್ದಾಗ ಅಜ್ಜಿ ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು, "ಅಲ್ಲಾಡಬೇಡ್ವೇ, ನಿನ್ನ ಕಣ್ಣೊಳಗೆ ಒಬ್ಬಳು ಮುದುಕಿ ಕೂತವಳೆ, ಅವಳನ್ನ ಕೇಳ್ತೀನಿ ಕಸ ಎಲ್ಲಿದೆ ಅಂತ" ಎಂದಿದ್ದಳು. ನನ್ನ ಡಬ್ಬಿಯ ಮೊದಲ ಚೀಟಿ ಅದು.

ನಾಲ್ಕು ಸಾಲು. ಯುದ್ಧ ಎಂದ ಮೇಲೆ ನಮ್ಮ ಕಡೆಯವರೂ ಸಾಯುತ್ತಾರೆ.

ಏಪ್ರಿಲ್ ೨, ಬುಧವಾರ

ಇನ್ನು ಮೂರು ದಿನ. ಪರಪುಷ್ಟ ಎಂದರೆ ಕೋಗಿಲೆ, ಇನ್ನೊಬ್ಬರು ಸಾಕಿ ಬೆಳೆಸಿದ್ದು. ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ, ಹೊಗಳಿಸಿಕೊಳ್ಳುವುದು ಮರದ ತುದಿಯಲ್ಲಿ. ಹಾಡಲಿ, ಹಾಡಲಿ.

ತಮ್ಮ ನನಗೊಂದು ಹೊಸ ರವಿಕೆ ಹೊಲಿಯುತ್ತಿದ್ದಾನೆ. "ಸೇಡು ತೀರಿಸ್ಕೊಳ್ಳೋಕೆ ಹೋಗೋಳು ಹಳೇದು ಹಾಕ್ಕೊಂಡ್ರೆ ಮರ್ಯಾದೆ ಇರಲ್ಲ" ಎನ್ನುತ್ತಾನೆ. ತೋಳು ಸ್ವಲ್ಪ ಸಡಿಲ ಬಿಡು ಎಂದೆ. ನಗುವಾಗ ಬಿಗಿಯಬಾರದು.

ಏಪ್ರಿಲ್ ೫, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಂಜೆ ನಾಲ್ಕಕ್ಕೆ ಕಾಲೇಜಿನ ಸಭಾಂಗಣ. ನೂರು ಜನರಿದ್ದರು. ಮುಂದಿನ ಸಾಲಿನಲ್ಲಿ ಪಕ್ಕದ ಶಾಲೆಯ ಶಿಕ್ಷಕಿ, ತಮ್ಮ, ಪ್ರೆಸ್ಸಿನಾಕೆ. ನಾನು ಗೋಡೆ ಬದಿಯಲ್ಲಿ, ಕೆಳಗೆ ಬಿದ್ದರೂ ಕೈಗೆ ಆಸರೆ ಸಿಗುವ ಕಡೆ. ವೇದಿಕೆಯ ಮೇಲೆ ಅವನು, ಒಂದು ಕಾಲು ಕುರ್ಚಿಯ ಮೇಲೆ. ಮುನ್ನೂರು ಪ್ರತಿಗಳನ್ನು ಮೇಜಿನ ಮೇಲೆ ಗೋಪುರದಂತೆ ಪೇರಿಸಿದ್ದರು.

ಕಂಚಿನ ಗಂಟಲಿನ ವಿದ್ವಾಂಸರು ಎದ್ದರು. ಪುಸ್ತಕವನ್ನು ನಿನ್ನೆಯೇ ಪೂರ್ತಿ ಓದಿದ್ದೇನೆ ಎಂದರು. ಭುಜಂಗದ ವಿವರಣೆ ಬಹಳ ಶುದ್ಧವಾಗಿದೆ ಎಂದರು. ನನಗೆ ಯಾಕೋ ಹಿಗ್ಗಾಯಿತು. ಆಮೇಲೆ, "ಆದರೆ ಈ ಕೋಶದ ಮುಕುಟಮಣಿ ಒಂದಿದೆ" ಎಂದು ಪುಟ ತೆರೆದರು.

ಪತ್ರಮೂಷಕ! ಗಂಟೆ ಹೊಡೆದ ಹಾಗೆ ಓದಿದರು. ನಾನು ಗೋಡೆ ಹಿಡಿದುಕೊಂಡೆ. ಈಗ ನಗುತ್ತಾರೆ. ಈಗ.

ಯಾರೂ ನಗಲಿಲ್ಲ.

"ಎಂಥ ಪದ! ಎಂಥ ಅಪರೂಪದ ಪದ!" ಎಂದರು ವಿದ್ವಾಂಸರು. "ಹಳೆಯ ಕಾವ್ಯವೊಂದರಲ್ಲಿ ಇದನ್ನು ಕಂಡ ಹಾಗಿದೆ ನನಗೆ. ಚಿಕ್ಕಂದಿನಲ್ಲಿ ನಮ್ಮೂರ ಕೆರೆ ಹಿಂದೆ ಈ ಹಕ್ಕಿಯನ್ನ ಕಣ್ಣಾರೆ ನೋಡಿದ್ದೀನಿ. ಹೀಗೇ ನಿಲ್ಲುತ್ತಿತ್ತು." ಅವರೂ ಒಂದು ಕಾಲೆತ್ತಿ ತೋರಿಸಿದರು. ಸಭೆ ಚಪ್ಪಾಳೆ ತಟ್ಟಿತು. ಅವನು ನಿಂತಲ್ಲೇ ಬಾಗಿ ಕೈಮುಗಿದ. "ಈ ಪದಕ್ಕಾಗಿ ನಾನು ಪಟ್ಟ ಶ್ರಮ ಅಷ್ಟಿಷ್ಟಲ್ಲ" ಎಂದ!

ಪ್ರೆಸ್ಸಿನಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತಮ್ಮ ನನ್ನತ್ತ ತಿರುಗಿ ಹುಬ್ಬು ಹಾರಿಸಿದ. ನಾನು ಎಸೆದ ಕಲ್ಲು ಅವನ ಕೊರಳಿಗೆ ಹಾರವಾಗಿ ಬಿದ್ದಿತ್ತು.

ಇಷ್ಟೇ ಆಗಿದ್ದರೆ ನಾನು ಹಲ್ಲು ಕಚ್ಚಿಕೊಂಡು ಮನೆಗೆ ಹೋಗುತ್ತಿದ್ದೆ. ಶಾಲೆಯ ಶಿಕ್ಷಕಿ ಎದ್ದು ನಿಂತಳು. ಒಳ್ಳೆಯ ಮುಖದ ಹೆಣ್ಣುಮಗಳು. "ನಾಡಿದ್ದು ಸೋಮವಾರವೇ ಈ ಹಕ್ಕಿಯ ಹೆಸರನ್ನ ನಮ್ಮ ಮಕ್ಕಳಿಗೆ ಕಲಿಸ್ತೀನಿ ಸರ್. ಚಿತ್ರ ಬರೆಸಿ ಗೋಡೆಗೆ ಹಾಕಿಸ್ತೀನಿ" ಎಂದಳು.

ಎದುರಿಗೆ ನಲವತ್ತು ಮಕ್ಕಳು ಕೂತು ನನ್ನ ಸುಳ್ಳನ್ನು ಒಕ್ಕೊರಲಿನಿಂದ ಹೇಳುವುದು ಕೇಳಿಸಿತು. ಪತ್ರಮೂಷಕ, ಪತ್ರಮೂಷಕ. ಗಂಟಲಲ್ಲಿ ಏನೋ ಕೆರೆಯಿತು. ಕೆಮ್ಮಿದೆ. ನಿಲ್ಲಲಿಲ್ಲ, ಮತ್ತೆ ಕೆಮ್ಮಿದೆ. ಎಲ್ಲರೂ ತಿರುಗಿ ನೋಡಿದರು.

"ಕಲಿಸಬೇಡಿ ಅಮ್ಮಾ" ಎಂದೆ. "ಆ ಹಕ್ಕಿ ಇಲ್ಲ."

"ಯಾರದು?" ಎಂದರು ವಿದ್ವಾಂಸರು.

"ನಮ್ಮ ಜಾಡಿಯಮ್ಮ, ಸಿಬ್ಬಂದಿ" ಎಂದ ಅವನು. "ಕೂತ್ಕೊಳ್ಳಿ ಅಮ್ಮಾ, ಆಮೇಲೆ ಮಾತಾಡೋಣ."

"ಇಲ್ಲ ಅಂತ ನಿನಗೆ ಹೇಗಮ್ಮಾ ಗೊತ್ತು? ನಾನು ನೋಡಿದ್ದೀನಿ ಅಂತಿದ್ದೀನಲ್ಲ!"

"ನೀವು ನೋಡಿರೋದು ಕೊಕ್ಕರೆ ಬುದ್ದೀ. ಪತ್ರಮೂಷಕ ನಾನು ಮಾಡಿದ್ದು, ಮಾರ್ಚ್ ಹದಿಮೂರನೇ ತಾರೀಕು, ಕಪ್ಪೆ ಜಾಡಿ ತೊಳೆಯುವಾಗ. ಅದೊಂದು ಸುಳ್ಳು. ಉಳಿದ ಸಾವಿರದ ನೂರಾ ಮೂವತ್ತೊಂಬತ್ತೂ ನಿಜ."

"ಅಷ್ಟು ಖಂಡಿತ ಹೇಗೆ ಹೇಳ್ತೀ?"

"ಅವೂ ನನ್ನವೇ, ಅದಕ್ಕೆ."

ಸೂಜಿ ಬಿದ್ದರೆ ಕೇಳುವಷ್ಟು ಮೌನ. ದರ್ಜಿಯ ಅಕ್ಕನಾಗಿ ಹೇಳುತ್ತೇನೆ, ಸೂಜಿ ಬಿದ್ದ ಶಬ್ದ ನನಗೆ ಗೊತ್ತು, ಅದಕ್ಕಿಂತ ಹೆಚ್ಚು ಮೌನ. ತಿಮಿಂಗಿಲಗಿಲದ ಮಾತು ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಅಜ್ಜಿಯ ಕಥೆ, ಅದನ್ನೇ ಹೇಳಿದೆ. ಪುಟ್ಟ ಮೀನು, ತಿಮಿ, ತಿಮಿಂಗಿಲ, ತಿಮಿಂಗಿಲಗಿಲ. ನಾನು ಬೇಡವೆಂದು ಬಿಟ್ಟಿದ್ದ ಕೊನೆಯನ್ನೂ ಹೇಳಿದೆ. ಒಂದರೊಳಗೆ ಒಂದು ಕೂತಿರುವಾಗ, ಎಲ್ಲಕ್ಕಿಂತ ಒಳಗಿದ್ದ ಪುಟ್ಟ ಮೀನಿಗೆ ಗಂಟಲು ಕೆರೆಯಿತಂತೆ. ಕೆಮ್ಮಿತಂತೆ. ತಿಮಿಗೆ ಹೊಟ್ಟೆ ತೊಳಸಿತು, ಬಾಯಿ ತೆರೆಯಿತು. ತಿಮಿಂಗಿಲ ಬಾಯಿ ತೆರೆಯಿತು. ತಿಮಿಂಗಿಲಗಿಲ ಬಾಯಿ ತೆರೆಯಿತು. ಎಲ್ಲ ಹೊರಗೆ ಬಂದವು. ನುಂಗಿದ್ದೆಲ್ಲ ಒಳಗೆ ಬದುಕಿರುತ್ತೆ ಮಕ್ಕಳೇ ಎಂದಿದ್ದಳು ಅಜ್ಜಿ.

ಕಥೆ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರೆಸ್ಸಿನಾಕೆ ಎದ್ದಳು. "ನಾಲ್ಕು ಸಾಲು ಸೇರಿಸೋಕೆ ಅಕ್ಕ ನಾಲ್ಕು ಸಾಲು ತೆಗೆದಿದ್ದಾರೆ. ತೆಗೆದ ಅಚ್ಚು ನನ್ನ ಹತ್ರ ಹಾಗೇ ಇದೆ" ಎಂದಳು.

ವಿದ್ವಾಂಸರು ಅವನತ್ತ ತಿರುಗಿದರು. "ನೀವೇನಂತೀರಿ?"

ನಾನು ತಿಂಗಳಿಂದ ಕಾದಿದ್ದ ಗಳಿಗೆ ಅದು. ನೂರು ಜನರ ಮುಂದೆ ಅವನ ಮುಖ ಬೂದಿಯಾಗುವುದು. ಆಯಿತು. ಅವನು ಕುರ್ಚಿಯ ಮೇಲಿದ್ದ ಕಾಲನ್ನು ಕೆಳಗಿಳಿಸಿದ. ಎರಡೂ ಕಾಲಿನ ಮೇಲೆ ನಿಂತದ್ದನ್ನು ನಾನು ನೋಡಿದ್ದು ಇದೇ ಮೊದಲು. ಗಿಡ್ಡನಾಗಿ ಕಂಡ.

"ಪುಸ್ತಕ ಮುಚ್ಚಿ ಯಾವ ಪದ ಬೇಕಾದ್ರೂ ಕೇಳಿ" ಎಂದ. "ಅವರು ಹೇಳ್ತಾರೆ. ನನಗೆ ಬರಲ್ಲ."

ಮನೆಗೆ ಬರುವಾಗ ತಮ್ಮ ಕೇಳಿದ, "ಹೆಂಗಿತ್ತಕ್ಕಾ, ಸೇಡಿನ ರುಚಿ?" ಹುಣಸೆಹಣ್ಣು ತಿಂದ ಹಾಗೆ ಹಲ್ಲು ಚುಳ್ಳೆಂದಿತ್ತು. ರವಿಕೆ ಬಿಗಿಯಾಗಿದೆ ಎಂದು ಹೇಳಿ ಮಾತು ಮರೆಸಿದೆ.

ಏಪ್ರಿಲ್ ೬, ಭಾನುವಾರ

ಸೇಡು ಮುಗಿದಿಲ್ಲ. ಇವತ್ತೂ ಚೆನ್ನಾಗಿ ತೀರಿಸಿಕೊಂಡೆ.

ಬೆಳಿಗ್ಗೆ ಒಂಬತ್ತಕ್ಕೆ ಸಂಗ್ರಹಾಲಯದ ಬಾಗಿಲು ತೆಗೆದರೆ ಪ್ರೆಸ್ಸಿನಾಕೆ ಮೆಟ್ಟಿಲ ಮೇಲೆ ಕೂತಿದ್ದಳು. ಮುನ್ನೂರು ಪ್ರತಿಗಳನ್ನು ಕೈಗಾಡಿಯಲ್ಲಿ ತಂದಿದ್ದಳು. ಮಡಿಲಲ್ಲಿ ಎರಡು ಕಟ್ಟು ಚೀಟಿ. ಒಂದು ಹಕ್ಕಿಯ ಮೇಲೆ ಅಂಟಿಸಲು, ನಾಲ್ಕು ಸಾಲಿನ ಪಾಪೆ. ಇನ್ನೊಂದು ಹೊದಿಕೆಗೆ, ನನ್ನ ಹೆಸರು. ಅಕ್ಷರ ಸ್ವಲ್ಪ ದಪ್ಪವಾಯಿತು ಎಂದೆ. "ಇರಲಿ ಬಿಡಿ ಅಕ್ಕಾ, ದೂರದಿಂದ ಕಾಣಬೇಕು" ಎಂದಳು.

ತಮ್ಮ ಹಿಟ್ಟು ಕಾಯಿಸಿ ಒಂದು ಪಾತ್ರೆ ಅಂಟು ತಂದ. ಶಿಕ್ಷಕಿ ಬಂದಳು. ವಿದ್ವಾಂಸರು ಬಂದರು, ಕೊಡೆ ಮೂಲೆಗಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಕೂತರು. "ನಾನು ನೋಡಿದ್ದು ಕೊಕ್ಕರೆ ಅಲ್ಲಮ್ಮಾ, ಬೇರೆ ಏನೋ" ಎನ್ನುತ್ತಲೇ ಅಂಟಿಸಿದರು. ಪಾಪೆ ಹಕ್ಕಿಯ ಜಾಗದಲ್ಲಿ, ಪನ್ನಗಕ್ಕಿಂತ ಮೊದಲು ಬಂದಂತಾಯಿತು. ಅಕಾರಾದಿ ಕೆಟ್ಟಿತು. ಕೆಡಲಿ, ಸುಳ್ಳಂತೂ ಮುಚ್ಚಿತು.

ಹತ್ತು ಗಂಟೆಗೆ ಬಾಗಿಲಲ್ಲಿ ಮೇಷ್ಟ್ರು. ಕೈಯಲ್ಲಿ ಎರಡು ರಟ್ಟಿನ ಪೆಟ್ಟಿಗೆ, ಅದರಲ್ಲಿ ನನ್ನ ಚೀಟಿಗಳು, ಅಕಾರಾದಿಯಾಗಿ, ಅಕ್ಷರಕ್ಕೊಂದು ದಾರ ಕಟ್ಟಿ. ಕೂರಲು ಬೇರೆ ಜಾಗ ಇರಲಿಲ್ಲ, ನನ್ನ ತಿಮಿಂಗಿಲದ ಮೇಲೆ ಕೂತರು. ಅವರ ಮುಂದೆ ನೂರು ಪ್ರತಿ ಇಟ್ಟೆ.

"ಮೂಲೆ ಒತ್ತಿ ಮೇಷ್ಟ್ರೇ, ಏಳುತ್ತೆ" ಎಂದೆ. ಒತ್ತಿದರು. "ಇನ್ನೂ ಗಟ್ಟಿಯಾಗಿ." ಒತ್ತಿದರು. ಐವತ್ತು ಪ್ರತಿಯಾದಾಗ ಬೆನ್ನು ಹಿಡಿದುಕೊಂಡರು. "ಕಲ್ಲು ಹೊರೋದು ಭಾರ ಅಲ್ವಾ?" ಎಂದೆ. ತಮ್ಮ ಕೆಮ್ಮಿದ. ಮೇಷ್ಟ್ರು ತಲೆಯೆತ್ತದೆ ಹೇಳಿದರು, "ಭಾರಾನೇ."

ಅಂಟಿನ ಬೆರಳಿನಲ್ಲಿ ಕಣ್ಣು ಉಜ್ಜಿಕೊಂಡುಬಿಟ್ಟರು. ಮೊದಲೇ ನೋಯುವ ಕಣ್ಣು, ನೀರು ಸುರಿಯಿತು. ಎಲ್ಲರ ಕೈಯೂ ಅಂಟು, ನನ್ನದೊಂದೇ ಒಣಗಿತ್ತು. ಕುಂಚವನ್ನು ಎಡಗೈಗೆ ಬದಲಿಸಿ, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದೆ. ಹತ್ತಿರ ಬಗ್ಗಿ ನೋಡಿದರೆ ಒಳಗೆ ಒಬ್ಬಳು ಹೆಂಗಸು. ಕೈಯಲ್ಲಿ ಕುಂಚ. ಹುಬ್ಬು ಗಂಟಿಕ್ಕಿದ್ದಳು. ಅಷ್ಟು ಚಿಕ್ಕವಳಿಗೆ ಅಷ್ಟೊಂದು ಸಿಟ್ಟು.

"ಸಿಕ್ತಾ ಅಮ್ಮಾ?" ಎಂದು ಕೇಳಿದರು.

"ಅಲ್ಲಾಡಬೇಡಿ" ಎಂದೆ. ಬಟ್ಟೆಯ ತುದಿಯಿಂದ ತೆಗೆದೆ.

ಹನ್ನೆರಡರ ಹೊತ್ತಿಗೆ ಮುನ್ನೂರೂ ಮುಗಿಯಿತು. ಮೇಷ್ಟ್ರು ಅಂಟಿಸಿದ ಒಂದರಲ್ಲಿ ನನ್ನ ಹೆಸರು ತಲೆಕೆಳಗಾಗಿದೆ. ಅದನ್ನು ನಾನು ಇಟ್ಟುಕೊಂಡೆ, ಮುಂದೆ ಎಂದಾದರೂ ಹಂಗಿಸಲು ಬೇಕಾಗುತ್ತದೆ.

ಚೀಟಿಗಳನ್ನು ಡಬ್ಬಿಗೆ ಹಾಕಬೇಕಿತ್ತು. ತಮ್ಮನನ್ನು ಮನೆಗೆ ಓಡಿಸಿ ಡಬ್ಬಿ ತರಿಸಿದೆ. ಡಬ್ಬಿ ಖಾಲಿಯಾಗದೆ ಚೀಟಿ ಹಿಡಿಯುವುದಿಲ್ಲ, ಆ ಕಾರಣಕ್ಕೆ ಮುಚ್ಚಳ ತೆಗೆದು ಬಿಸ್ಕತ್ತನ್ನು ಎಲ್ಲರ ಮುಂದೆ ಹಿಡಿದೆ. ಬೇರೆ ಕಾರಣವೇನಿಲ್ಲ. ಮೆತ್ತಗಾಗಿದ್ದವು. ವಿದ್ವಾಂಸರು ಒಂದು ತಿಂದರು, ಶಿಕ್ಷಕಿ ಒಂದು, ಪ್ರೆಸ್ಸಿನಾಕೆ ಮಸಿಯ ಬೆರಳಲ್ಲೇ ಮೂರು. ತಮ್ಮ ಜೇಬಿಗೂ ಹಾಕಿಕೊಂಡ.

ಮೇಷ್ಟ್ರು ಎರಡು ತಿಂದರು.